ತೊಟ್ಟಿಲಗಾಡಿಗೆ ಹೊಸ ಮೊಣಕಾಲು

ಬನವಾಸಿ ಸೀಮೆಯ ದ್ಯಾಮಪ್ಪನ ಬಂಡಿ ಬರುತ್ತದೆಂದರೆ ಆ ಕಾಲದಲ್ಲಿ ಸಿರ್ಸಿ ಪೇಟೆಯ ವ್ಯಾಪಾರಿಗಳು ಗದ್ದುಗೆ ಬಿಟ್ಟೆದ್ದು ಹೊರಗೆ ನಿಲ್ಲುತ್ತಿದ್ದರು. ಹೋಗುವಾಗ ಬೆಲ್ಲ, ಒಣಮೆಣಸಿನಕಾಯಿ. ಬರುವಾಗ ಉಪ್ಪು, ಕಾಳುಮೆಣಸು. ಬಂಡಿ ಹೊಡೆಯುವವರು ಆಗ ಊರಿಗೆ ಹತ್ತು ಮಂದಿ ಇದ್ದರು. ದ್ಯಾಮಪ್ಪನ ಹೆಚ್ಚುಗಾರಿಕೆ ಇದ್ದದ್ದು ಭಾರ ಹೇರುವುದರಲ್ಲಲ್ಲ, ಹೇರಿದ ಭಾರವನ್ನು ಕೂರಿಸುವುದರಲ್ಲಿ. ಹೇರು ಮುಗಿದ ಮೇಲೆ ಬಂಡಿಯ ಹಲಗೆಯ ಮೇಲೆ ಒಂದು ನಿಂಬೆಹಣ್ಣು ಇಡುತ್ತಿದ್ದ. ಹಣ್ಣು ಮುಂದಕ್ಕೆ ಉರುಳಿತೋ, ಮುಂಭಾರ. ಎತ್ತಿನ ಹೆಗಲು ಹುಣ್ಣಾಗುತ್ತದೆ. ಹಿಂದಕ್ಕೆ ಉರುಳಿತೋ, ಹಿಂಭಾರ; ನೊಗ ಮೇಲೆದ್ದು ಎತ್ತಿನ ಗಂಟಲು ಹಿಚುಕುತ್ತದೆ. ಹಣ್ಣು ಇಟ್ಟಲ್ಲೇ ಕುಳಿತರೆ ಮಾತ್ರ ಅವನು ಬಾರುಕೋಲಿಗೆ ಕೈ ಹಾಕುವುದು. ಅವನ ಎತ್ತುಗಳ ಹೆಗಲು ಸಾಯುವ ತನಕ ಬೆಣ್ಣೆಯಂತೆ ಇದ್ದವು ಎಂದು ಆ ಕಡೆಯ ಹಿರಿಯರು ಈಗಲೂ ಹೇಳುತ್ತಾರೆ.

ಅವನ ಹೆಂಡತಿ ನೀಲಗಂಗವ್ವ ಗಂಡನಿಗಿಂತ ಒಂದು ಹಿಡಿ ಹೆಚ್ಚೇ. ಒಮ್ಮೆ ಸಿರ್ಸಿಯಿಂದ ಮರಳುವಾಗ ದ್ಯಾಮಪ್ಪ ಜ್ವರದಲ್ಲಿ ಕೆಂಡವಾಗಿ ಬಂಡಿಯೊಳಗೆ ಮಲಗಿದ್ದ. ನಡುಗಾಡಿನಲ್ಲಿ ಬಂಡಿಯ ಮೂಕಿ, ಅಂದರೆ ಬಂಡಿಯಿಂದ ನೊಗದ ತನಕ ಚಾಚಿದ ಉದ್ದನೆಯ ಮರ, ಲಟಕ್ಕನೆ ಮುರಿಯಿತು. ನೀಲಗಂಗವ್ವ ಬಸುರಿ. ಆದರೂ ಕತ್ತಿ ಹಿಡಿದು ಕಾಡಿಗಿಳಿದಳು, ತೋಳುಗಾತ್ರದ ಮತ್ತಿಯ ಮರ ಕಡಿದಳು, ಹಗ್ಗ ಬಿಗಿದು ಹೊಸ ಮೂಕಿ ಕೂರಿಸಿದಳು, ಎತ್ತು ಹೂಡಿದಳು. ಹಿಂದಿನ ಬಂಡಿಗಳ ಗಂಡಸರು ಅಷ್ಟೊತ್ತಿಗೆ ಬಂದು ಸೇರಿ, "ನೀ ಇಳಿ ತಂಗಿ, ಇನ್ನ ನಾವು ಹೊಡಿತೀವಿ" ಎಂದರು. ನೀಲಗಂಗವ್ವ ಮೂಕಿಯ ಬುಡದಲ್ಲಿ ಕುಳಿತು, "ಹೂಡಿದ ಕೈನ ಹೊಡೀಬೇಕು" ಎಂದಳಂತೆ. ಆ ಮಾತು ಆ ಮನೆಯಲ್ಲಿ ದೇವರ ಪಟದ ಹಾಗೆ ಉಳಿಯಿತು. ಮುದ್ದೆ ತಿರುವಿದವರೇ ಬಡಿಸಬೇಕು, ಬಾವಿಗೆ ಹಗ್ಗ ಬಿಟ್ಟವರೇ ನೀರು ಸೇದಬೇಕು. ಹೂಡಿದ ಕೈಯೇ ಹೊಡೆಯಬೇಕು.

ಅಂದು ಅವಳ ಹೊಟ್ಟೆಯಲ್ಲಿದ್ದವನು ಚನ್ನಬಸವ. ಅವನು ಕಣ್ಣುಬಿಟ್ಟು ನೋಡುವ ಹೊತ್ತಿಗೆ ಲಾರಿಗಳು ಬಂದು ಬಂಡಿಗಳು ಹಿತ್ತಲು ಸೇರಿದ್ದವು. ಚನ್ನಬಸವ ಹುಬ್ಬಳ್ಳಿಗೆ ಹೋಗಿ ಹೊಲಿಗೆ ಮಷಿನ್ನಿನ ರಿಪೇರಿ ಕಲಿತು ಬಂದ. ಸೈಕಲ್ಲಿನ ಹಿಂದೆ ಸಾಮಾನಿನ ಪೆಟ್ಟಿಗೆ ಕಟ್ಟಿಕೊಂಡು ಸಿರ್ಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕು ತುಳಿದ. ಯಾವ ಊರಿನ ಯಾವ ಮನೆಯ ಮಷಿನ್ನು ಹೇಗೆ ಕೆಮ್ಮುತ್ತದೆ ಎಂಬುದು ಅವನಿಗೆ ಬಾಯಿಪಾಠ. ಕತ್ತಲಾದರೆ ಬಿಳಗಿಯ ಯಾವುದೋ ಜಗಲಿಯಲ್ಲಿ ಮಲಗಿ, ಬೆಳಗಾದರೆ ಸ್ವರ್ಣವಲ್ಲಿ ಕಡೆಯ ಯಾವುದೋ ಹೊಲಿಗೆಯವನ ಮುಂದೆ ಕುಳಿತಿರುತ್ತಿದ್ದ.

ಈ ಮೂವರ ರಕ್ತ ಸೇರಿ ಹುಟ್ಟಿದವಳು ಮಹೇಶ್ವರಿ.

ಹುಟ್ಟಿ ನಡೆಯಲು ಕಲಿಯುವ ಹೊತ್ತಿಗೆ ಪೋಲಿಯೋ ಬಂದು ಅವಳ ಬಲಗಾಲು ಬತ್ತಿತು. ಊರಿನವರು ಅಯ್ಯೋ ಅಂದರು. ಚನ್ನಬಸವ ಅಯ್ಯೋ ಅನ್ನಲಿಲ್ಲ. ಮಗಳನ್ನು ಸೈಕಲ್ಲಿನ ಮುಂದಿನ ಸರಳಿನ ಮೇಲೆ ಕೂರಿಸಿಕೊಂಡು ಹೊರಟ. ಅಪ್ಪ ಮಷಿನ್ನು ಬಿಚ್ಚಿದರೆ ಮಗಳು ತಿರುಪುಗಳನ್ನು ಸಾಲಾಗಿ ಜೋಡಿಸುತ್ತಿದ್ದಳು. ಶಾಲೆಗೂ ಹೋದಳು, ಮೆಟ್ರಿಕ್ ಪಾಸಾದಳು, ಆದರೆ ಅವಳ ನಿಜವಾದ ವಿದ್ಯೆ ಎಣ್ಣೆಯ ವಾಸನೆಯದು. ಕಿವಿಗೊಟ್ಟು ಕೇಳಿ ಮಷಿನ್ನಿನ ರೋಗ ಹೇಳುತ್ತಿದ್ದಳು. ಅಪ್ಪ ತೀರಿದ ಮೇಲೆ ಪೆಟ್ಟಿಗೆ ಅವಳದಾಯಿತು.

ಮೊದಮೊದಲು ಬಸ್ಸಿನಲ್ಲಿ ತಿರುಗಿದಳು. ಒಂದು ಕೈಯಲ್ಲಿ ಊರುಗೋಲು, ಒಂದು ಕೈಯಲ್ಲಿ ಪೆಟ್ಟಿಗೆ, ತೊಡೆಯ ಮೇಲೆ ಯಾರದೋ ಮಷಿನ್ನಿನ ತಲೆ. ಬಸ್ಸು ಹೋಗುವಲ್ಲಿಗೆ ಹೋಗಬಹುದು. ಬಸ್ಸು ಹೋಗದ ಕಡೆಯೇ ಮಷಿನ್ನುಗಳು ಹೆಚ್ಚು ಕೆಡುತ್ತವೆ. ಕಡೆಗೆ ಹುಬ್ಬಳ್ಳಿಯಲ್ಲಿ ಒಂದು ಹಳೆಯ ಕ್ರೂಸರ್ ಮೋಟರ್‌ಸೈಕಲ್ಲು ನೋಡಿದಳು. ಉದ್ದನೆಯ ಮೈ, ತಗ್ಗಿನ ಆಸನ, ಆನೆ ಮಂಡಿಯೂರಿದ ಹಾಗೆ ಅದರ ಕೂತ ಭಂಗಿ. ಕುಳಿತರೆ ಎರಡೂ ಪಾದ ನೆಲ ಮುಟ್ಟಿದವು. ಬಲಗಾಲಿನ ಬ್ರೇಕನ್ನು ವಯರು ಎಳೆದು ಕೈಗೆ ತಂದುಕೊಂಡಳು. ಯಲ್ಲಾಪುರದಲ್ಲಿ ಲೇತು, ವೆಲ್ಡಿಂಗಿನ ಅಂಗಡಿ ಇಟ್ಟಿರುವ ಸುಭಾಷ್ ಎಂಬವನ ಹತ್ತಿರ ಎಡಗಡೆಗೆ ಒಂದು ಪಕ್ಕದಗಾಡಿ ಮಾಡಿಸಿದಳು. ಒಂಟಿ ಚಕ್ರದ ಮೇಲೆ ಕಬ್ಬಿಣದ ತೊಟ್ಟಿ, ಅದರೊಳಗೆ ಮೆತ್ತೆ. ಮಷಿನ್ನುಗಳು ಅದರಲ್ಲಿ ಮಗುವಿನಂತೆ ಮಲಗಿ ಬರುತ್ತಿದ್ದವು. ಜನ ಅದನ್ನು ತೊಟ್ಟಿಲು ಎಂದರು, ಅವಳನ್ನು ತೊಟ್ಟಿಲ ಮಹೇಶ್ವರಿ ಎಂದರು. ಕಾಗದಪತ್ರ ಸರಿ ಮಾಡಿಸಿ ಅವಳು ಮೂರು ತಾಲೂಕಿನ ಮಣ್ಣುದಾರಿಗಳನ್ನೆಲ್ಲ ಮತ್ತೆ ತುಳಿದಳು. ಅಪ್ಪ ಸೈಕಲ್ಲಿನಲ್ಲಿ ಮುಟ್ಟದ ಮನೆಗಳನ್ನೂ ಮುಟ್ಟಿದಳು.

ಹೀಗೆ ವರ್ಷಗಳು ಕಳೆದು ಐವತ್ತು ದಾಟಿದ ಮೇಲೆ ಭುಜ ಕೈಕೊಟ್ಟಿತು. ತೊಟ್ಟಿಲು ಕಟ್ಟಿದ ಗಾಡಿಯ ಹ್ಯಾಂಡಲ್ಲು ಬರಿಯ ಹ್ಯಾಂಡಲ್ಲಲ್ಲ, ಹಟದ ಕೋಣ. ವೇಗ ಏರಿಸಿದರೆ ಎಡಕ್ಕೆ ಎಳೆಯುತ್ತದೆ, ಬ್ರೇಕು ಹಿಡಿದರೆ ಬಲಕ್ಕೆ. ತಿರುವಿನಲ್ಲಿ ಮೈಭಾರವೆಲ್ಲ ತೋಳಿಗೆ ತಂದು ತಳ್ಳಬೇಕು. ಒಂದು ದಿನ ಬಲಗೈ ತಲೆಗೂದಲು ಬಾಚುವಷ್ಟೂ ಏಳಲಿಲ್ಲ. ಮೂಳೆ ಡಾಕ್ಟರು ಸಾವಧಾನವಾಗಿ ನೋಡಿದರು, ಸುಳ್ಳು ಸಮಾಧಾನ ಹೇಳಲಿಲ್ಲ. ಒಳಗಿನ ನರ ಸವೆದಿದೆ, ಎಳೆದಾಟ ನಿಲ್ಲಿಸದಿದ್ದರೆ ಕೈ ಪೂರ್ತಿ ಹೋಗುತ್ತದೆ ಎಂದರು.

ಸಿರ್ಸಿಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ತಮ್ಮ ಮಧುಕೇಶ್ವರ ಮರುದಿನವೇ ಅಂಗಡಿಯ ಒಂದು ಮೂಲೆ ತೆರವು ಮಾಡಿಸಿದ. ಮೇಜು ಹಾಕಿಸಿದ, ದೀಪ ಹಾಕಿಸಿದ, ಗೋಡೆಗೆ ಬಣ್ಣ ಹೊಡೆಸಿದ. ಪ್ರೀತಿಯ ತಮ್ಮ. ಚಿಕ್ಕವನಿದ್ದಾಗ ಇದೇ ಅಕ್ಕನ ಊರುಗೋಲಿನಲ್ಲಿ ಮಾವಿನಕಾಯಿ ಉದುರಿಸಿದವನು.

"ಅಕ್ಕಾ, ಇಲ್ಲಿ ಕುಂದ್ರು. ಮಷಿನ್ನು ನಿನ್ನ ಹುಡುಕ್ಕೊಂಡು ಬರ್ತಾವು."

"ಕೆಟ್ಟ ಮಷಿನ್ನಿಗೆ ಕಾಲು ಬರೂದಿಲ್ಲೋ ತಮ್ಮಾ. ನಂಗರೆ ಒಂದೈತಿ."

"ಭುಜ ಹೊಂಟೈತಿ, ಇನ್ನೂ ಮಸ್ಕರಿ ಬಿಡವಲ್ಲಿ ನೀ."

"ಜ್ವರ ಬಂದದ್ದು ಗಾಡೀಗೆ. ಬರೆ ನನ್ನ ಭುಜಕ್ಕ ಹಾಕಾಕ ನಿಂತೀರಿ ನೀವು" ಎಂದಳು ಮಹೇಶ್ವರಿ. "ಗಾಡೀಗೆ ಮದ್ದು ಮಾಡ್ತೀನಿ, ಭುಜ ತಾನ ಸುಮ್ಮನಾಗತೈತಿ."

ಮದ್ದು ಅವಳಾಗಲೇ ಕಂಡುಹಿಡಿದಿದ್ದಳು. ಫೋನಿನಲ್ಲಿ ಹಳೆಯ ಕಾಲದ ಪಕ್ಕದಗಾಡಿಗಳ ಚಿತ್ರ ನೋಡುತ್ತಿದ್ದಾಗ ಒಂದು ಅವಳ ಕಣ್ಣು ಹಿಡಿಯಿತು. ಎಲ್ಲ ಗಾಡಿಗಳ ಮುಂಚಕ್ರವನ್ನು ಹಿಡಿಯುವ ಫೋರ್ಕು ನೆಟ್ಟಗಿನ ಎರಡು ಕೋಲು, ಅದರದ್ದು ಹಾಗಲ್ಲ. ಕೋಲುಗಳು ಕೆಳಗೆ ಬಂದು, ಎತ್ತು ಮುಂಗಾಲು ಮಡಿಸಿದ ಹಾಗೆ ಮೊಣಕಾಲು ಮಡಿಸಿ, ಚಕ್ರವನ್ನು ಮುಂದಕ್ಕೆ ಹಿಡಿದಿದ್ದವು. ಚಿತ್ರ ಹಿಡಿದುಕೊಂಡು ಯಲ್ಲಾಪುರಕ್ಕೆ ಬಸ್ಸು ಹತ್ತಿದಳು.

ಸುಭಾಷ್ ಚಿತ್ರ ನೋಡಿ ಅಂಗಡಿಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೀರು ಎಳೆದ. "ಇಲ್ನೋಡಕ್ಕಾ. ಮಾಮೂಲಿ ಫೋರ್ಕಲ್ಲಿ ಚಕ್ರ ಹ್ಯಾಂಡಲ್ಲಿನ ಬೆನ್ನಿಗೆ ಜೋತು ಬೀಳ್ತದೆ. ಎರಡು ಚಕ್ರದ ಗಾಡಿಗೆ ಅದು ಚೊಲೋನೇ, ನೆಟ್ಟಗೆ ಹೋಗ್ತದೆ. ತೊಟ್ಟಿಲು ಕಟ್ಟಿದ್ರೆ ಗಾಡಿ ವಾಲೂದಿಲ್ಲ, ಜೋತುಬಿದ್ದ ಚಕ್ರಾನ ತೋಳಲ್ಲೇ ಎಳೀಬೇಕು. ಮೊಣಕಾಲು ಇಟ್ಟು ಚಕ್ರ ಮುಂದೆ ತಂದ್ರೆ ಜೋತು ಕಮ್ಮಿ. ಹಗುರ ಆಗ್ತದೆ."

"ಮಾಡ್ತೀ ಏನು?"

"ಮಾಡ್ತೆ. ಆದ್ರೆ ಇಂಥದ್ದು ಯಾವತ್ತೂ ಮಾಡಿದ್ದಿಲ್ಲ ಮಾರಾಯ್ತಿ."

"ನಾನೂ ಯಾವತ್ತೂ ಹಾಕಿದ್ದಿಲ್ಲ. ಲೆಕ್ಕ ಸರಿ ಆತು. ನಂಗ ಒಂದು ಕಾಲು ಕಮ್ಮಿ, ಗಾಡೀಗೆ ಎರಡು ಮೊಣಕಾಲು ಹೆಚ್ಚು."

ಸುಭಾಷ್ ನಕ್ಕ. ಅವಳ ಕೊರಳಿನಲ್ಲಿ ಜೋತಾಡುತ್ತಿದ್ದ ಅಳತೆಯ ಟೇಪು ನೋಡಿ ಮತ್ತೂ ನಕ್ಕ. ಅದು ಚನ್ನಬಸವನ ಟೇಪು. ಹಿತ್ತಾಳೆಯ ತುದಿಯ ಸಂಗಡ ಮೊದಲ ಇಂಚು ಸವೆದು ಉದುರಿ ಎಷ್ಟೋ ಕಾಲವಾಗಿತ್ತು. ಅವಳು ಒಂದರ ಗೀಟಿನಿಂದ ಹಿಡಿದು ಅಳೆದು, ಬಂದದ್ದರಲ್ಲಿ ಒಂದು ಕಳೆಯುವಳು. "ಮಹೇಶ್ವರಿ ಟೇಪಿನಾಗ ಅಳೆದ್ರ ಸೊಂಟ ಒಂದಿಂಚು ದಪ್ಪ" ಎಂದು ಸಿರ್ಸಿಯ ಹೊಲಿಗೆಯವರೆಲ್ಲ ಆಡಿಕೊಳ್ಳುತ್ತಿದ್ದರು. ಬೇರೆ ಟೇಪು ಕೊಳ್ಳೆಂದರೆ, "ಅಪ್ಪ ಹೋದ ಅಂತ ಬ್ಯಾರೆ ಅಪ್ಪನ್ನ ತರತೀರೇನು?" ಎನ್ನುವಳು.

ಊರಿಗೆ ಬಂದು ಗಾಡಿಯ ಫೋರ್ಕನ್ನು ಅದೇ ಟೇಪಿನಲ್ಲಿ ಅಳೆದು ಫೋನಿನಲ್ಲಿ ಉದ್ದ ಹೇಳಿದಳು. ಸುಭಾಷ್ ಕೊಳವೆ ಕೊಯ್ಯಲು ಕುಳಿತ.

ಫೋರ್ಕು ಹಾಕುವ ಮೊದಲು ಮಧುಕೇಶ್ವರ ಅಕ್ಕನ ಮುಂದೆ ಒಂದು ಮಾತು ಇಟ್ಟ. "ಆತು, ನಿನ್ನ ಹಟ ನಡೀಲಿ. ಹೊಸಾದು ಹಾಕ್ಕೊಂಡು ಸಿದ್ದಾಪುರದ ಕಡೆ ಮನ್ಮನೆಗೆ ಹೋಗಿ ಬಾ. ಹೊಲಿಗಿ ಸೀತಕ್ಕನ ಮಷಿನ್ನು ನಿಂತೈತಿ, ಅಕಿ ಮನಿಗೆ ಇಳಿಯೋ ದಾರಿ ಹೆಂಗೈತಿ ನಿಂಗ ಗೊತ್ತು. ಭುಜ ನೋವಾತು ಅಂದ್ರ, ಇಲ್ಲಾ ಗಾಡಿ ಪಿಕಪ್ಪಿನ್ಯಾಗ ಹೇರ್ಕೊಂಡು ಮನಿಗೆ ಬಂತು ಅಂದ್ರ, ಕೀಲಿ ನನ್ನ ಕೈಗೆ ಕೊಟ್ಟು ಆ ಮೂಲ್ಯಾಗ ಕುಂದ್ರಬೇಕು."

ಮಹೇಶ್ವರಿ ತೆರವಾದ ಮೂಲೆಯ ಕಡೆ ನೋಡಿದಳು. ಆ ಮೂಲೆಗೆ ಗಾಳಿಯಿದೆ, ಬೆಳಕಿದೆ. ಇಲ್ಲದ್ದು ದಾರಿ ಒಂದೇ. ಅಪ್ಪನ ಸೈಕಲ್ಲಿನ ಸರಳಿನ ಮೇಲೆ ಕುಳಿತು ಕಂಡ ದಾರಿಗಳೇ ಅವಳ ಆಸ್ತಿ. ಅವು ಹೋದರೆ ಕೈಯಿದ್ದೂ ಕೆಲಸವಿಲ್ಲದ ಹಾಗೆ. ಆದರೂ ತಮ್ಮ ಹೇಳಿದ್ದರಲ್ಲಿ ಅನ್ಯಾಯವಿರಲಿಲ್ಲ.

"ಮಾತು ಅಂದ್ರ ಮಾತು" ಎಂದಳು.

ಫೋರ್ಕು ಗೋಣಿ ಸುತ್ತಿಕೊಂಡು ಯಲ್ಲಾಪುರದ ಬಸ್ಸಿನಲ್ಲಿ ಬಂತು. ಮಧುಕೇಶ್ವರ ಗ್ಯಾರೇಜಿನವರನ್ನು ಕರೆಯಲೇ ಎಂದ. ಅಕ್ಕ ಅವನನ್ನು ನೋಡಿದ ನೋಟಕ್ಕೆ ಒಳಗೆ ಹೋಗಿ ಸೀರೆ ಮಡಿಸತೊಡಗಿದ.

ಅಂಗಡಿಯ ಹಿತ್ತಲಿನಲ್ಲಿ ಅವಳು ಕೆಲಸಕ್ಕೆ ಕೂತ ಬಗೆ ನೋಡಬೇಕಿತ್ತು. ತೊಟ್ಟಿಲು ಬಿಚ್ಚಿ ಬದಿಗಿಟ್ಟು, ಇಂಜಿನ್ನಿನ ಕೆಳಗೆ ಮರದ ದಿಮ್ಮಿ ಕೊಟ್ಟು, ಜಾಕಿನಿಂದ ಮುಂಭಾಗ ಎತ್ತಿ, ತಾನು ಮಣೆ ಹಾಕಿಕೊಂಡು, ಬಲಗಾಲನ್ನು ಒಂದು ಪಕ್ಕಕ್ಕೆ ಚಾಚಿ ಇಟ್ಟಳು. ಗ್ಯಾರೇಜಿನವರಾದರೆ ಮೊದಲು ಸುತ್ತಿಗೆ ಹುಡುಕುತ್ತಾರೆ. ಇವಳು ಹೊಲಿಗೆಯವರ ಚಪ್ಪಟೆ ಸುಣ್ಣದ ಬಿಲ್ಲೆ ತೆಗೆದು, ಬಿಚ್ಚುವ ಪ್ರತಿ ಕೀಲಿಗೂ ಅಡ್ಡಗೆರೆ ಎಳೆದಳು, ರವಿಕೆಯ ತೋಳಿಗೂ ಕಂಕುಳಿಗೂ ಗುರುತು ಹಾಕುವ ಹಾಗೆ. ಬ್ರೇಕಿನ ವಯರಿಗೆ ಕೆಂಪು ದಾರ, ಕ್ಲಚ್ಚಿನ ವಯರಿಗೆ ಹಸಿರು ದಾರ ಕಟ್ಟಿ ಮೇಲಕ್ಕೆ ತೂಗಿಬಿಟ್ಟಳು. ಚಕ್ರ ಇಳಿಯಿತು, ದೀಪ ಇಳಿಯಿತು. ಹ್ಯಾಂಡಲ್ಲು ತಿರುಗುವ ಕುತ್ತಿಗೆಯ ಜಾಗ ಬಂದಾಗ ಕೆಳಗೆ ಒಂದು ಬಿಳಿ ಬಟ್ಟೆ ಹಾಸಿದಳು. ಆ ಕುತ್ತಿಗೆಯಲ್ಲಿ ಮೇಲೊಂದು ಕೆಳಗೊಂದು ಉಕ್ಕಿನ ಬಟ್ಟಲು, ಬಟ್ಟಲ ತುಂಬ ಬಟಾಣಿಗಿಂತ ಸಣ್ಣ ಗುಂಡುಗಳು. ದೊಡ್ಡ ನಟ್ಟು ಸಡಿಲಿಸಿ ಹಳೆಯ ಫೋರ್ಕನ್ನು ಮೆಲ್ಲಗೆ ಕೆಳಗಿಳಿಸಿದಾಗ ಗುಂಡುಗಳು ಪಟಪಟನೆ ಬಟ್ಟೆಯ ಮೇಲೆ ಬಿದ್ದವು. ಒಂದೂ ಮಣ್ಣಿಗೆ ಬೀಳಲಿಲ್ಲ.

ಬಟ್ಟಲಿಗೆ ಹೊಸ ಗ್ರೀಸು ತುಂಬಿ, ಗುಂಡುಗಳನ್ನು ಒಂದೊಂದಾಗಿ ಮಲ್ಲಿಗೆ ಪೋಣಿಸುವ ಹಾಗೆ ಕೂರಿಸಿದಳು. ಮೊಣಕಾಲಿನ ಫೋರ್ಕನ್ನು ಎದೆಗೆ ಆನಿಸಿಕೊಂಡು, ಒಳ್ಳೆಯ ಭುಜದಿಂದ ಮೇಲಕ್ಕೆ ತಳ್ಳಿ, ಕುತ್ತಿಗೆಯೊಳಗೆ ತೂರಿಸಿದಳು. ಆದರೆ ಯಾವ ಬೋಲ್ಟನ್ನೂ ಬಿಗಿಯಲಿಲ್ಲ. ಅವಳ ಕಸುಬಿನ ನಿಯಮ ಅದು: ಮೊದಲು ಕಚ್ಚಾ ಹೊಲಿಗೆ, ಆಮೇಲೆ ಪಕ್ಕಾ ಹೊಲಿಗೆ. ಎಲ್ಲವನ್ನೂ ಸಡಿಲವಾಗಿ ತೊಡಿಸಿ, ಮೈಗೆ ಕೂತಿತೋ ಇಲ್ಲವೋ ನೋಡಿ, ಆಮೇಲೆ ಕೆಳಗಿನಿಂದ ಬಿಗಿಯುತ್ತ ಬಂದಳು. ಕುತ್ತಿಗೆಯ ನಟ್ಟಿಗೆ ಬಂದಾಗ ಕಣ್ಣು ಮುಚ್ಚಿದಳು. ಮಷಿನ್ನಿನಲ್ಲಿ ದಾರದ ಬಿಗಿ ಹೆಚ್ಚಾದರೆ ದಾರ ಕಡಿಯುತ್ತದೆ, ಕಮ್ಮಿಯಾದರೆ ಹೊಲಿಗೆ ಜೋಲುತ್ತದೆ. ಆ ನಡುವಿನ ಜಾಗ ಕಣ್ಣಿಗೆ ಕಾಣುವುದಲ್ಲ, ಬೆರಳಿಗೆ ತಿಳಿಯುವುದು. ಬೆರಳಿಗೆ ತಿಳಿಯಿತು. ಹ್ಯಾಂಡಲ್ಲನ್ನು ಒಂದು ಬೆರಳಿನಿಂದ ದೂಡಿದಳು. ಅತ್ತ ಹೋಗಿ, ಇತ್ತ ಬಂತು, ಬಾಗಿಲ ತೋರಣದ ಎಲೆ ತೂಗಿದ ಹಾಗೆ.

ಜಾಕು ಇಳಿಸಿ ತೊಟ್ಟಿಲನ್ನು ಮತ್ತೆ ಬಿಗಿದಳು. ಅಷ್ಟಕ್ಕೇ ಸುಮ್ಮನಾಗದೆ ತೊಟ್ಟಿಲಿನ ತಳದಲ್ಲಿ ದಾರದ ಒಂದು ರೀಲು ಅಡ್ಡ ಇಟ್ಟಳು. ಅಜ್ಜನಿಗೆ ನಿಂಬೆಹಣ್ಣು, ಮೊಮ್ಮಗಳಿಗೆ ರೀಲು.

ರೀಲು ಗಡಗಡನೆ ಮುಂದಕ್ಕೆ ಉರುಳಿ ತೊಟ್ಟಿಲಿನ ಮೂತಿಗೆ ಬಡಿಯಿತು.

ಮತ್ತೊಮ್ಮೆ ಇಟ್ಟಳು. ಮತ್ತೊಮ್ಮೆ ಉರುಳಿತು. ಗಾಡಿ ಮೂಗು ತಗ್ಗಿಸಿ ನಿಂತಿತ್ತು. ಹೀಗೆ ಹೊರಟರೆ ಭಾರವೆಲ್ಲ ಮುಂದಕ್ಕೆ ಬಿದ್ದು, ಯಾವ ಭುಜವನ್ನು ಉಳಿಸಲು ಇಷ್ಟೆಲ್ಲ ಮಾಡಿದಳೋ ಆ ಭುಜಕ್ಕೇ ಪೆಟ್ಟು. ಹಳೆಯ ಫೋರ್ಕನ್ನೂ ಹೊಸದನ್ನೂ ಅಳೆದು ನೋಡಿದಳು. ಹೊಸದು ಸರಿಯಾಗಿ ಒಂದಿಂಚು ಗಿಡ್ಡ.

ಫೋನು ಹಚ್ಚಿದಳು. "ಸುಭಾಷ್, ನಾ ಹೇಳಿದ ಅಳತಿ ಏನು, ನೀ ಮಾಡಿದ್ದೇನು?"

"ನೀ ಹೇಳಿದ್ದರಲ್ಲಿ ಒಂದು ಕಳೆದೆ ಅಕ್ಕಾ."

"ಯಾಕೋ ಕಳದಿ?"

"ನಿನ್ನ ಟೇಪಿಗೆ ತಲೆ ಇಲ್ಲ ಅಲ್ದಾ! ಆವತ್ತು ನಾನೇ ಕಣ್ಣಾರೆ ಕಂಡೆ."

"ಟೇಪಿಗೆ ತಲಿ ಇಲ್ಲ ಅಂದ್ರ ನಂಗೂ ತಲಿ ಇಲ್ಲ ಅಂತ ತಿಳಕೊಂಡ್ಯಾ? ನಾ ಕಳದ ಹೇಳಿದ್ನಲ್ಲೋ!"

ಆ ಕಡೆ ಸುಭಾಷ್ ಹಣೆ ಬಡಿದುಕೊಂಡ ಸದ್ದು. ಆಮೇಲೆ, "ಅಯ್ಯೋ ದೇವ್ರೇ. ಹೇಳ್ಬೇಕಪ್ಪ ಕಳದಿದ್ದೆ ಅಂತ! ಅದ್ಯಾರು ಫೋರ್ಕನ್ನ ಬಟ್ಟೆ ಅಳೆಯೋ ಟೇಪಲ್ಲಿ ಅಳೀತಾರೆ ಹೇಳು?"

"ಅದ್ಯಾರು ಕೇಳದ ಕಳೀತಾರ ಹೇಳು?"

ಇಬ್ಬರೂ ಸಾಕಷ್ಟು ಬೈದಾಡಿಕೊಂಡರು. ಮುಗಿದ ಮೇಲೆ ಇಬ್ಬರಿಗೂ ನಗು ಬಂತು. ತಪ್ಪು ಅರ್ಧರ್ಧ ಹಂಚಿಕೊಂಡರು. ಆದರೆ ಇಂಚು ಹಂಚಿಕೊಳ್ಳಲು ಬರುವುದಿಲ್ಲವಲ್ಲ. ಸುಭಾಷ್, ಬಸ್ಸಿಗೆ ಹಾಕಿ ವಾಪಸು ಕಳಿಸು, ಕೈಯಲ್ಲಿರುವ ಕೆಲಸ ಮುಗಿಸಿ ಹೊಸದು ಮಾಡುತ್ತೇನೆ, ಹಬ್ಬದ ಆಚೆಗಾಗುತ್ತದೆ ಎಂದ. ಮಹೇಶ್ವರಿಗೆ ಮನ್ಮನೆಯ ಸೀತಕ್ಕ ಕಣ್ಣಮುಂದೆ ಬಂದಳು. ಅವಳ ಮಷಿನ್ನು ನಿಂತು, ಒಪ್ಪಿಕೊಂಡ ಶಾಲೆಯ ಬಟ್ಟೆಗಳ ರಾಶಿ ಹಾಗೇ ಬಿದ್ದಿತ್ತು. ಇನ್ನೊಂದು ಕಡೆ, ಬಣ್ಣ ಬಳಿದುಕೊಂಡು ಕಾಯುತ್ತಿರುವ ಆ ಮೂಲೆ. ಹಬ್ಬದ ತನಕ ಅಲ್ಲಿ ಕುಳಿತವಳು ಹಬ್ಬದ ಆಚೆಗೆ ಏಳುತ್ತಾಳೆಂದು ನಂಬಿಕೆ ಏನು?

ಹೊಲಿಗೆಯವರ ಕೈಯಲ್ಲಿ ಬೆಳೆದವಳಿಗೆ ದಾರಿ ಹೊಳೆಯಲು ತಡವಾಗಲಿಲ್ಲ. "ಗಿಡ್ಡಾದ ಪ್ಯಾಂಟನ್ನ ಯಾರರೆ ಒಗೀತಾರೇನೋ? ಪಟ್ಟಿ ಹಚ್ಚತಾರ" ಎಂದಳು. ಮೊಣಕಾಲಿನ ಮೇಲೆ ಎರಡು ಕಡೆ ಸ್ಪ್ರಿಂಗುಗಳು ನಿಂತಿವೆ. ಆ ಸ್ಪ್ರಿಂಗಿನ ತಲೆ ಕಚ್ಚಿಕೊಂಡಿರುವ ಜಾಗವನ್ನು ಗಟ್ಟಿ ಉಕ್ಕಿನ ಪಟ್ಟಿಯಿಂದ ಕೆಳಗೆ ತಂದರೆ, ಸ್ಪ್ರಿಂಗು ಮೊಣಕಾಲನ್ನು ಕೆಳಕ್ಕೆ ಒತ್ತುತ್ತದೆ. ಮೊಣಕಾಲು ಇಳಿದರೆ ಗಾಡಿಯ ಮೂಗು ಏಳುತ್ತದೆ. ಸುಭಾಷ್ ಆ ಕಡೆಯಿಂದ "ಹ್ಞಾಂ" ಎಂದ. ಇನ್ನೊಮ್ಮೆ, ಜೋರಾಗಿ, "ಹ್ಞಾಂ!" ಎಂದ. "ಈ ಸಲ ಅಳತೆ ನಾನೇ ಬಂದು ತಗೊಳ್ತೆ. ನೀ ಟೇಪು ಮುಟ್ಟಬೇಡ."

ಬಂದ, ತನ್ನ ಉಕ್ಕಿನ ಸ್ಕೇಲಿನಲ್ಲಿ ಅಳೆದ, ಸಿರ್ಸಿಯಲ್ಲೇ ಪರಿಚಯದವನ ಲೇತಿನಲ್ಲಿ ಎರಡು ದಪ್ಪ ಪಟ್ಟಿ ಕೊರೆಸಿ ತಂದ. ತನ್ನ ತಪ್ಪೂ ಇದೆಯೆಂದು ತಾನೇ ಹಾಕಲು ತೋಳೇರಿಸಿದ. ಮಹೇಶ್ವರಿ ಬೋಲ್ಟು ಬಿಗಿಯುವ ಪಾನಾ ಕೊಡಲಿಲ್ಲ. "ಚಾ ಕುಡಿ ನೀ. ಹೂಡಾಕಿ ನಾನು" ಎಂದಳು. ಅವನು ಮೆಟ್ಟಿಲ ಮೇಲೆ ಕುಳಿತು ಚಹಾ ಕುಡಿಯುತ್ತ ನೋಡಿದ. ಒಂದೊಂದು ಪಟ್ಟಿಗೆ ಎರಡೆರಡು ಬೋಲ್ಟು, ಮೊದಲು ಕಚ್ಚಾ, ಆಮೇಲೆ ಪಕ್ಕಾ. ಕಡೆಗೆ ರೀಲು ಇಟ್ಟಳು. ರೀಲು ಒಮ್ಮೆ ಮಿಸುಕಿತು. ಹಿಂದೆ ನೋಡಲೋ ಮುಂದೆ ನೋಡಲೋ ಎಂಬಂತೆ ಯೋಚಿಸಿ, ಇಟ್ಟಲ್ಲೇ ಕುಳಿತಿತು.

ಸುಭಾಷ್ ಲೋಟ ಕೆಳಗಿಟ್ಟು, "ನಿನ್ನ ಅಜ್ಜ ಇದ್ದಿದ್ರೆ ನನ್ನನ್ನ ಬಂಡಿಗೆ ಹೂಡ್ತಿದ್ದ" ಎಂದ.

"ನಿನ್ನ ಹೂಡಿದ್ರ ಹಿಂಭಾರ ಆಗ್ತಿತ್ತು, ಹೊಟ್ಟಿ ನೋಡ್ಕೊ."

ಮರುದಿನ ಬೆಳಗಿನ ಮಂಜು ಹರಿದ ಮೇಲೆ ಮಹೇಶ್ವರಿ ಹೊರಟಳು. ತೊಟ್ಟಿಲಿನಲ್ಲಿ ಸಾಮಾನಿನ ಪೆಟ್ಟಿಗೆ, ಊರುಗೋಲು, ಬುತ್ತಿ. ಬೇಡವೆಂದರೂ ಮಧುಕೇಶ್ವರನೂ ಸುಭಾಷನೂ ಪಿಕಪ್ಪಿನಲ್ಲಿ ಹಿಂದೆ ಬಂದರು. ಪಿಕಪ್ಪಿನ ಹಿಂದೆ ಹಗ್ಗವಿತ್ತು, ಹಲಗೆಯಿತ್ತು. ಅವೆರಡೂ ಯಾತಕ್ಕೆಂದು ಮೂವರಿಗೂ ಗೊತ್ತಿತ್ತು.

ಸಿದ್ದಾಪುರದ ದಾರಿ ಬಳುಕುವ ದಾರಿ. ಮೊದಲ ತಿರುವಿಗೆ ಅವಳು ಹಳೆಯ ಅಭ್ಯಾಸದಂತೆ ಹಲ್ಲು ಕಚ್ಚಿ ತೋಳು ಬಿಗಿದಳು. ಗಾಡಿ ಬೇಕಾದ್ದಕ್ಕಿಂತ ಹೆಚ್ಚೇ ತಿರುಗಿಬಿಟ್ಟಿತು. ಗಾಬರಿಯಾಗಿ ನೇರ ಮಾಡಿಕೊಂಡಳು. ಎರಡನೆಯ ತಿರುವಿಗೆ ಅರ್ಧ ಬಲ ಹಾಕಿದಳು. ಮೂರನೆಯದಕ್ಕೆ ಬರಿಯ ಅಂಗೈ. ಇಷ್ಟು ವರ್ಷ ಗುದ್ದಾಡಿದ ಕೋಣ ಕರುವಾಗಿ ಕೈ ನೆಕ್ಕುತ್ತಿತ್ತು. ನಿಧಾನಕ್ಕೆ ಹೋಗುವಾಗ ಹ್ಯಾಂಡಲ್ಲು ಸ್ವಲ್ಪ ನಡುಗುತ್ತದೆ ಎಂಬುದನ್ನು ಗಮನಿಸಿ, ಮನೆಗೆ ಹೋಗಿ ನಟ್ಟನ್ನು ಒಂದು ಕೂದಲೆಳೆ ಬಿಗಿಯಬೇಕು ಎಂದುಕೊಂಡಳು. ಬ್ರೇಕು ಹಿಡಿದಾಗ ಮೊದಲಿನಂತೆ ಮೂಗು ಕುಕ್ಕರಿಸಲಿಲ್ಲ. ಭುಜ? ಭುಜ ಇದೆಯೆಂಬುದೇ ಮರೆತಿತ್ತು. ಎದುರು ಬಂದ ಬಸ್ಸಿನ ಚಾಲಕ ಹೊಸ ಮೊಣಕಾಲು ನೋಡಿ ತಲೆ ಹೊರಹಾಕಿ, "ಎಂತದಕ್ಕಾ, ಗಾಡಿ ನಮಸ್ಕಾರ ಮಾಡೂದು?" ಎಂದು ಕೂಗಿದ. "ನಿಂಗಲ್ಲ, ದಾರೀಗೆ" ಎಂದು ಇವಳೂ ಕೂಗಿದಳು.

ಸೀತಕ್ಕನ ಮನೆಗೆ ಇಳಿಯುವುದು ಕೆಮ್ಮಣ್ಣಿನ ಕಡಿದಾದ ಇಳಿಜಾರು. ಹಿಂದಿ‌ನ ಮಳೆಗಾಲದ ನೀರು ಅದರ ನಡುವೆ ಓರೆಯಾಗಿ ಒಂದು ಕೊರಕಲು ಕೊರೆದಿತ್ತು. ಕಳೆದ ಸಲ ಇಲ್ಲೇ ಹ್ಯಾಂಡಲ್ಲು ಎಗರಿ ಭುಜ ಕಿತ್ತು ಬಂದ ಹಾಗಾಗಿದ್ದು. ಮಹೇಶ್ವರಿ ಮೇಲೆಯೇ ನಿಂತು ನೋಡಿದಳು. ಹಿಂದೆ ಪಿಕಪ್ಪಿನ ಬಾಗಿಲು ತೆರೆದ ಸದ್ದು ಕೇಳಿಸಿತು. ಅವಳು ತಿರುಗಿ ನೋಡದೆ ಗೇರು ಹಾಕಿದಳು. ಮುಂಚಕ್ರ ಕೊರಕಲಿಗೆ ಇಳಿಯಿತು. ಮೊಣಕಾಲು ಮಡಿಯಿತು, ಚಾಚಿತು. ಚಕ್ರ ಆಚೆ ದಡ ಹತ್ತಿತು. ತೊಟ್ಟಿಲಿನ ಚಕ್ರ ಒಂದು ಗಳಿಗೆ ಗಾಳಿಯಲ್ಲಿ ತೇಲಿ ಧೊಪ್ಪನೆ ಕೂತಿತು. ಪೆಟ್ಟಿಗೆಯೊಳಗಿನ ತಿರುಪುಗಳು ಗಲಗಲ ನಕ್ಕವು. ಹ್ಯಾಂಡಲ್ಲು ಕೈಬಿಡಲಿಲ್ಲ.

ಅಂಗಳದಲ್ಲಿ ಸೀತಕ್ಕ ನಿಂತಿದ್ದಳು. ಯಾರ ಸಂಗಡವಾದರೂ ತನ್ನ ಹವ್ಯಕ ಮನೆಮಾತನ್ನೇ ಆಡುವ ಹೆಂಗಸು; ಮಹೇಶ್ವರಿ ಇನ್ನು ಬರುವುದಿಲ್ಲವೆಂದೇ ತಿಳಿದಿದ್ದಳು. "ಬಂದ್ಯನೇ ಮಹೇಶ್ವರಿ! ಆನು ಇನ್ನು ಬತ್ತಿಲ್ಲೆ ಹೇಳೇ ಮಾಡಿದ್ದಿ. ಇದೆಂತದೇ ಇದು, ಗಾಡಿಗೆ ಮಂಡಿನೋವು ಬಂಜಾ?"

"ನೋವು ನಂದಿತ್ತು ಸೀತಕ್ಕಾ. ಮಂಡಿ ಅದಕ್ಕ ಹಾಕೀನಿ."

ಮಷಿನ್ನಿನ ರೋಗ ದೊಡ್ಡದೇನಿರಲಿಲ್ಲ. ಹಲ್ಲುಗಳ ನಡುವೆ ನೂಲಿನ ಕಸ ಗಂಟು ಹಾಕಿತ್ತು, ಒಂದು ಸವೆದ ಭಾಗ ಬದಲಿಸಬೇಕಿತ್ತು. ಮಹೇಶ್ವರಿ ಕಿವಿಗೊಟ್ಟು ಕೇಳಿ, ಬಿಚ್ಚಿ, ಒರೆಸಿ, ಎಣ್ಣೆ ಬಿಟ್ಟು ಜೋಡಿಸಿದಳು. ಮಷಿನ್ನು ಹಾಡತೊಡಗಿತು. ಸೀತಕ್ಕ ಅಲ್ಲಿಯೇ ಕುಳಿತು ಒಂದು ನೀಲಿ ಚಡ್ಡಿಗೆ ಹೊಲಿಗೆ ಹಾಕಿ ನೋಡಿದಳು. ಮಧುಕೇಶ್ವರ ಜಗಲಿಯಲ್ಲಿ ಕುಳಿತು ಅಕ್ಕನ ಬಲಗೈಯನ್ನೇ ನೋಡುತ್ತಿದ್ದ. ಊಟಕ್ಕೆ ಕುಳಿತಾಗ ಅವಳು ಆ ಕೈಯನ್ನು ಸಲೀಸಾಗಿ ಮೇಲೆತ್ತಿ ಸಡಿಲಾದ ತುರುಬು ಸರಿ ಮಾಡಿಕೊಂಡಳು. ಅದನ್ನು ಕಂಡು ಅವನು ತಲೆ ತಗ್ಗಿಸಿ ಅನ್ನ ಕಲಸಿದ.

"ಆ ಮೂಲ್ಯಾಗ ಇನ್ನ ಛತ್ರಿ ಇಟ್ಟು ಮಾರತೀನಿ ತಗೋ" ಎಂದ ಕೊನೆಗೆ.

"ಮಾರು. ಮ್ಯಾಜು ಮಾತ್ರ ತೆಗೀಬ್ಯಾಡ. ಮಳಿಗಾಲದಾಗ ಬಂದು ಕುಂದ್ರತೀನಿ, ನಂಗ ಬೇಕಾದಾಗ."

ಬಿಸಿಲು ಇಳಿಯುವ ಮೊದಲು ಹೊರಟರು. ಇಳಿದ ಇಳಿಜಾರೇ ಈಗ ಏರು. ಪ್ರೀತಿ ಎಂಬುದು ಸೋತ ಮೇಲೂ ಸುಮ್ಮನಿರುವುದಿಲ್ಲ. ಮಧುಕೇಶ್ವರ ಪಂಜೆ ಎತ್ತಿ ಕಟ್ಟಿ ಗಾಡಿಯ ಹಿಂದೆ ಬಂದು ನಿಂತ. ಸುಭಾಷ್ ಹಗ್ಗ ಬಿಚ್ಚಿ ತೊಟ್ಟಿಲಿನ ಕೊಂಡಿಗೆ ಕಟ್ಟಲು ಬಗ್ಗಿದ. ಸೀತಕ್ಕನೂ ಸೆರಗು ಸಿಕ್ಕಿಸಿಕೊಂಡು, "ಆನೂ ಒಂದು ಕೈ ದೂಡ್ತಿ ತಡಿ" ಎಂದು ಮುಂದೆ ಬಂದಳು.

ಮಹೇಶ್ವರಿ ಹ್ಯಾಂಡಲ್ಲಿನ ಮೇಲೆ ಎರಡೂ ಅಂಗೈ ಊರಿ, ಏರನ್ನು ಒಮ್ಮೆ, ಮೂವರನ್ನೂ ಒಮ್ಮೆ ನೋಡಿದಳು. ಗಾಡಿ ಚಾಲೂ ಮಾಡಿದಳು.

"ಯಾರೂ ಕೈ ಹಚ್ಚಬ್ಯಾಡ್ರಿ. ಬಿದ್ರ ಎಬ್ಬಸ್ರಂತ. ಬೀಳೂಮಟ ದಾರಿ ಬಿಡ್ರಿ."